ವಾಸ್ತುಚಿತ್ರಣ: ವಿಜಯಪುರ ಸೀಮೆಯ ಕಟ್ಟಡಗಳನ್ನು ಬರೆದ ಬಗೆ

ಕಟ್ಟಡದ ಆಕಾರ, ಅಳತೆ, ರಚನೆ, ಅಲಂಕಾರಗಳನ್ನು ಗೆರೆಗಳಲ್ಲಿ ಮೂಡಿಸುವ ಕಲೆಯೇ ವಾಸ್ತುಚಿತ್ರಣ. ಇನ್ನೂ ಕಟ್ಟದ ಮನೆಯನ್ನು ಮಾಲೀಕನಿಗೆ ತೋರಿಸುವ ನಕಾಶೆ, ನಿಂತಿರುವ ಗುಡಿಯನ್ನು ಅಳೆದು ಬರೆದ ದಾಖಲೆ, ಬಿದ್ದುಹೋದ ಅರಮನೆ ಹೀಗಿದ್ದಿರಬಹುದೆಂಬ ಊಹೆ, ಈ ಮೂರೂ ಇದರೊಳಗೆ ಸೇರುತ್ತವೆ. ಮೂರನ್ನೂ ಬರೆಯುವುದು ಒಂದೇ ಪೆನ್ಸಿಲಿನಿಂದ. ಅಚ್ಚಾದ ಮೇಲೆ ನೋಡುವವರ ಕಣ್ಣಿಗೆ ಮೂರೂ ಒಂದೇ ತೂಕದವಾಗಿ ಕಾಣುತ್ತವೆ. ಅಳೆದ ಗೆರೆ ಯಾವುದು, ಊಹಿಸಿದ ಗೆರೆ ಯಾವುದು ಎಂಬುದನ್ನು ಚಿತ್ರ ತಾನೇ ಹೇಳದಿದ್ದರೆ ಓದುಗನಿಗೆ ತಿಳಿಯುವ ಬೇರೆ ದಾರಿಯಿಲ್ಲ. ಅಳೆದವರು ಯಾರು ಎಂಬುದೂ ಚಿತ್ರ ಹೇಳಬೇಕಾದ ಸಂಗತಿಯೇ. ಈ ಎರಡನೆಯದನ್ನು ಬಹಳಷ್ಟು ಚಿತ್ರಸಂಪುಟಗಳು ನುಂಗಿಕೊಂಡಿವೆ.

ಕರ್ನಾಟಕದಲ್ಲಿ ಈ ಕಲೆಯ ಚರಿತ್ರೆಯನ್ನು ಹತ್ತಿರದಿಂದ ನೋಡಲು ವಿಜಯಪುರ ಸೀಮೆ ತಕ್ಕ ಜಾಗ. ಆದಿಲಶಾಹಿಗಳ ರಾಜಧಾನಿಯಾಗಿದ್ದ ನಗರ ನಡುವೆ. ಭೀಮೆಯ ಕಡೆಗೆ ಇಂಡಿ, ಸಿಂದಗಿ. ಕೃಷ್ಣೆಯ ಕಡೆಗೆ ಬಸವನಬಾಗೇವಾಡಿ, ಮುದ್ದೇಬಿಹಾಳ. ನಗರದ ಗುಮ್ಮಟಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಲಂಡನ್ನಿನ ದೊಡ್ಡ ದೊಡ್ಡ ಹಾಳೆಗಳ ಮೇಲೆ ಅಚ್ಚಾದವು. ನಾಲ್ಕು ತಾಲ್ಲೂಕುಗಳ ಗುಡಿ, ವಾಡೆ, ಅಗಸೆ, ಮಾಳಿಗೆ ಮನೆಗಳ ಪಾಲಿಗೆ ಬಂದದ್ದು ಹೆಚ್ಚಾಗಿ ಪಟ್ಟಿಯಲ್ಲಿ ಒಂದೆರಡು ಸಾಲು.

ಕಟ್ಟಿದವರ ಗೆರೆಗಳು

ಕಟ್ಟುವವರು ತಮಗಾಗಿ ಬರೆದುಕೊಂಡ ಚಿತ್ರಗಳು ಉಳಿದಿರುವುದು ಅಪರೂಪ. ಮಧ್ಯಪ್ರದೇಶದ ಭೋಜಪುರದಲ್ಲಿ ಅರ್ಧಕ್ಕೆ ನಿಂತ ಹನ್ನೊಂದನೆಯ ಶತಮಾನದ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರ, ನೆಲನಕ್ಷೆಗಳನ್ನು ಕೊರೆದಿರುವುದು ಇದರ ಪ್ರಸಿದ್ಧ ಉದಾಹರಣೆ. ನಮ್ಮ ಕಡೆ ಪಟ್ಟದಕಲ್ಲಿನ ಸಮೀಪದ ಕಲ್ಲುಗಣಿಗಳಲ್ಲಿ ಕುಶಲಿಗಳ ಹೆಸರುಗಳೂ ಗೀರುಚಿತ್ರಗಳೂ ಸಿಕ್ಕಿವೆ. ಇವನ್ನು ಬರೆದದ್ದು ಯಾರನ್ನೂ ಮೆಚ್ಚಿಸಲಿಕ್ಕಲ್ಲ. ಕೆಲಸ ಮುಗಿದ ಮೇಲೆ ಬೇಡವಾಗುವ ಗೆರೆಗಳು ಅವು. ಹಾಗಾಗಿಯೇ ಅವುಗಳಲ್ಲಿ ಸುಳ್ಳಿಗೆ ಜಾಗವಿಲ್ಲ. ತಪ್ಪಾಗಿ ಗೀರಿದರೆ ಕಲ್ಲೇ ಕೂಡುವುದಿಲ್ಲ.

ವಿಜಯಪುರದ ಕೋಟೆಯೊಳಗೆ ಕರೀಮುದ್ದೀನನ ಮಸೀದಿಯಿದೆ. ಹಳೆಯ ಗುಡಿಗಳ ಕಂಬಗಳನ್ನು ತಂದು ನಿಲ್ಲಿಸಿದ ಈ ಕಟ್ಟಡ 1320ರದ್ದು. ಅದನ್ನು ಕಟ್ಟಿದವನು ಸಾಲೋಟಗಿಯ ರೇವಯ್ಯ ಎಂದು ಅಲ್ಲಿನ ಶಾಸನ ಹೇಳುತ್ತದೆ. ಸಾಲೋಟಗಿ ಇಂಡಿ ತಾಲ್ಲೂಕಿನ ಊರು. ರೇವಯ್ಯ ನಕಾಶೆ ಬರೆದುಕೊಂಡನೋ, ನೆಲದ ಮೇಲೆ ಹಗ್ಗ ಹಿಡಿದು ಗುರುತು ಹಾಕಿದನೋ, ಅದು ಉಳಿದಿಲ್ಲ. ಹೆಸರು ಉಳಿಯಿತು. ಐನೂರು ವರ್ಷ ಕಳೆದ ಮೇಲೆ ಇದೇ ನಗರದ ಕಟ್ಟಡಗಳನ್ನು ಕಾಗದಕ್ಕೆ ಇಳಿಸಿದ ಇಲ್ಲಿಯವರ ಹೆಸರುಗಳಿಗೆ ಅಷ್ಟೂ ಜಾಗ ಸಿಗಲಿಲ್ಲ.

ಶಾಸ್ತ್ರವನ್ನು ಚಿತ್ರಕ್ಕೆ ತಂದ ಮೊದಲಿಗರಲ್ಲಿ ಮುಖ್ಯನಾದವನು ರಾಮರಾಜ. ಬೆಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಆತ ಮಾನಸಾರ ಮೊದಲಾದ ಗ್ರಂಥಗಳನ್ನು ಓದಿ, ಶಿಲ್ಪಿಗಳನ್ನು ಕೇಳಿ, ಹಿಂದೂ ವಾಸ್ತುವಿನ ಮೇಲೆ ಬರೆದ ಇಂಗ್ಲಿಷ್ ಪ್ರಬಂಧ ಅವನು ತೀರಿಕೊಂಡ ಮೇಲೆ 1834ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯಿಂದ 48 ಫಲಕಗಳ ಸಮೇತ ಹೊರಬಂತು. ಆ ಫಲಕಗಳಲ್ಲಿರುವುದು ಶಾಸ್ತ್ರ ಹೇಳುವ ಕಂಬ, ಶಾಸ್ತ್ರ ಹೇಳುವ ಪೀಠ. ಅದು ಯಾವುದೋ ಒಂದು ಊರಿನ ಗುಡಿಯ ಅಳತೆಯೆಂದು ತಿಳಿದು ಬಳಸಿದರೆ ತಪ್ಪು ಬಳಸಿದವನದು. ರಾಮರಾಜ ಅದನ್ನು ಮುಚ್ಚಿಟ್ಟಿರಲಿಲ್ಲ.

ನೋಟದ ಚಿತ್ರಗಳು

ಕಂಪನಿ ಆಳ್ವಿಕೆಯ ಮೊದಲ ದಶಕಗಳಲ್ಲಿ ಬಂದ ಇಂಗ್ಲಿಷ್ ಚಿತ್ರಕಾರರಿಗೆ ಬೇಕಾಗಿದ್ದದ್ದು ಸೊಗಸಾದ ನೋಟ. ಡೇನಿಯಲ್ ಮನೆತನದ ಇಬ್ಬರು 1795 ಮತ್ತು 1808ರ ನಡುವೆ ಹೊರತಂದ 144 ಫಲಕಗಳ ಸಂಪುಟ ಆ ರುಚಿಯನ್ನು ಗಟ್ಟಿಮಾಡಿತು. ಮುಂದೆ ಮುರಿದ ಕಲ್ಲು, ಪಕ್ಕಕ್ಕೊಂದು ತಾಳೆಮರ, ಮಧ್ಯೆ ಸಣ್ಣ ಮನುಷ್ಯರು, ಹಿಂದೆ ಬಿಸಿಲಿನಲ್ಲಿ ಗುಮ್ಮಟ. ಮನುಷ್ಯನನ್ನು ಎಷ್ಟು ಚಿಕ್ಕದಾಗಿ ಬರೆದರೆ ಕಟ್ಟಡ ಅಷ್ಟು ದೊಡ್ಡದಾಗುತ್ತದೆ. ಯಾವ ಅಳತೆಯನ್ನೂ ತಿದ್ದದೆ ಹೇಳಬಹುದಾದ ಸುಳ್ಳು ಇದು.

ವಿಜಯಪುರದ ಮಟ್ಟಿಗೆ ಈ ಬಗೆಗೆ ಒಳ್ಳೆಯ ನಿದರ್ಶನ ನೌಕಾಧಿಕಾರಿ ರಾಬರ್ಟ್ ಎಲಿಯಟ್‌ನ ಚಿತ್ರಗಳು. ಅವನು ಸ್ಥಳದಲ್ಲಿ ಕುಳಿತು ಬರೆದುಕೊಂಡ ಕರಡುಗಳು 1830ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ನಡುವೆ ಎರಡು ಕೈ ಬದಲಾದವು. ಭಾರತವನ್ನು ಕಾಣದ ಸ್ಯಾಮ್ಯುಯೆಲ್ ಪ್ರೌಟ್‌ನಂಥ ಹೆಸರಾಂತ ಕಲಾವಿದರು ಕರಡನ್ನು ತಿದ್ದಿ ಹೊಸದಾಗಿ ಬರೆದರು. ಅದನ್ನು ಕೊರೆಯುವವರು ಲೋಹದ ಹಾಳೆಗೆ ಇಳಿಸಿದರು. ಪ್ರೌಟ್ ಯೂರೋಪಿನ ಹಳೆಯ ಚರ್ಚುಗಳನ್ನು ಬರೆದು ಪಳಗಿದವನು. ಅಂಥ ಕೈಗೆ ಹೋದ ಕಲ್ಲು ದಖನ್ನಿನ ಕಪ್ಪು ಕಲ್ಲಾಗಿ ಉಳಿಯಲಿಲ್ಲವೆಂದರೆ ಬೆರಗಿಲ್ಲ. ಹೀಗಿದ್ದರೂ ಈ ಚಿತ್ರಗಳನ್ನು ತಳ್ಳಿಹಾಕುವಂತಿಲ್ಲ. ಯಾವ ಗೋಡೆ ಆಗ ನಿಂತಿತ್ತು, ಎಲ್ಲಿ ಗಿಡ ಬೆಳೆದಿತ್ತು ಎಂಬಂಥ ಸಂಗತಿಗಳಿಗೆ ಅವು ಸಾಕ್ಷಿ. ಮೋಲ್ಡಿಂಗಿನ ಅಂಚು, ಕಮಾನಿನ ತಿರುವುಗಳಿಗೆ ಅವನ್ನು ನಂಬಬಾರದು. ಒಂದೇ ಚಿತ್ರ ಒಂದು ಪ್ರಶ್ನೆಗೆ ನಿಜ, ಇನ್ನೊಂದಕ್ಕೆ ಸುಳ್ಳು ಆಗುವುದು ವಾಸ್ತುಚಿತ್ರಣದಲ್ಲಿ ಸಾಮಾನ್ಯ.

ಇದಕ್ಕೆ ತೀರ ಎದುರಾದ ಉದಾಹರಣೆ ನೆರೆಯಲ್ಲೇ ಇದೆ. 1841ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಾದಂಬರಿಕಾರನೆಂದೇ ಹೆಚ್ಚು ಪರಿಚಿತ. ಅವನು ಕೈಪಳಗಿದ ಚಿತ್ರಕಾರನೂ ಹೌದು. ದಖನ್ನಿನ ನೋಟಚಿತ್ರಗಳ ಸಂಪುಟವೊಂದನ್ನು 1837ರಲ್ಲೇ ಹೊರತಂದಿದ್ದ. ಸಿಂದಗಿಗೆ ಹೊಂದಿಕೊಂಡ ಜೇವರ್ಗಿಯಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳನ್ನು ಅಗೆಸಿದಾಗ ಅವನು ಮೇಲಿನ ನೋಟವನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಗುಡ್ಡೆಯನ್ನು ನೆತ್ತಿಯಿಂದ ಬುಡದವರೆಗೆ ಸೀಳಿದಂತೆ ಬರೆದು, ಕಲ್ಲಿನ ಪದರ, ಮಣ್ಣಿನ ಪದರ, ಅಸ್ಥಿ, ಮಡಕೆ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲೇ ತೋರಿಸಿದ. ತಲೆ ಬೇರೆಯಾಗಿ ಬಿದ್ದಿದ್ದ ಅಸ್ಥಿಪಂಜರಗಳಿಂದ ಅದು ನರಬಲಿ ಎಂದು ಅವನು ತೀರ್ಮಾನಿಸಿದ್ದ. ಆ ತೀರ್ಮಾನವನ್ನು ಒಪ್ಪದವರೂ ಆ ಸೀಳುನೋಟವನ್ನು ಎದುರಿಟ್ಟುಕೊಂಡು ವಾದಿಸಬಹುದು, ಏಕೆಂದರೆ ಅವನ ಅಭಿಪ್ರಾಯ ಚಿತ್ರದೊಳಗೆ ನುಗ್ಗಿಲ್ಲ. ಒಂದು ಶತಮಾನದ ಮೇಲೆ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ವಿಧಾನದ ಮೇಲಿನ ತನ್ನ 1954ರ ಪುಸ್ತಕದಲ್ಲಿ ಟೇಲರನ ಸೀಳುನೋಟವನ್ನು ಮೆಚ್ಚಿ ಮುದ್ರಿಸಿದ.

ಅಳತೆಯ ಚಿತ್ರಗಳು

1848ರಲ್ಲಿ ಸಾತಾರೆಯ ರಾಜ್ಯ ಕಂಪನಿಗೆ ಸೇರಿದಾಗ ವಿಜಯಪುರವೂ ಅದರ ಜೊತೆ ಬಂತು. ಸಾತಾರೆಯ ಆಡಳಿತ ನೋಡುತ್ತಿದ್ದ ಬಾರ್ಟಲ್ ಫ್ರಿಯರ್‌ನ ಮೇಲ್ವಿಚಾರಣೆಯಲ್ಲಿ ಮುಂಬಯಿ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಹಾರ್ಟ್, ಸಿವಿಲ್ ಎಂಜಿನಿಯರ್ ಕಮಿಂಗ್ ಹಾಗೂ ಇಲ್ಲಿಯ ನಕಾಶೆಗಾರರು ನಗರದ ಮುಖ್ಯ ಕಟ್ಟಡಗಳನ್ನು ಅಳೆದು ಬರೆದರು. ಜೇಮ್ಸ್ ಫರ್ಗುಸನ್ ಸಂಪಾದಿಸಿದ ಆ ಚಿತ್ರಗಳು 1859ರಲ್ಲಿ ಪ್ರಕಟವಾದವು. 1866ರಲ್ಲಿ ಜಾನ್ ಮರ್ರೆ ಸಂಸ್ಥೆ ಮತ್ತೊಂದು ಸಂಪುಟ ತಂದಿತು. ಚರಿತ್ರೆಯ ಭಾಗ ಮೆಡೋಸ್ ಟೇಲರನದು, ವಾಸ್ತುವಿನ ಟಿಪ್ಪಣಿ ಫರ್ಗುಸನ್ನನದು. ಇದರಲ್ಲಿ ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಛಾಯಾಚಿತ್ರಗಳಿದ್ದವು. ಹಾರ್ಟನ ತಂಡದ ರೇಖಾಚಿತ್ರಗಳೂ ಇದ್ದವು, ಆದರೆ ಛಾಯಾಚಿತ್ರವಾಗಿ. ಕ್ಯಾಮೆರಾ ಬಂದ ಕೂಡಲೇ ಗೆರೆಚಿತ್ರ ಮೂಲೆಗೆ ಸೇರಿತೆಂದು ಭಾವಿಸುವವರು ಈ ಪುಸ್ತಕವನ್ನೊಮ್ಮೆ ನೋಡಬೇಕು. ಕ್ಯಾಮೆರಾ ಗೋಡೆಯ ಹೊರಮೈಯನ್ನು ತೋರಿಸಿತು. ಗೋಡೆಯೊಳಗೆ ಏನಿದೆ ಎಂಬುದಕ್ಕೆ ಅದೇ ಕ್ಯಾಮೆರಾ ರೇಖಾಚಿತ್ರದ ಎದುರು ನಿಲ್ಲಬೇಕಾಯಿತು.

ಎರಡೂ ಪುಸ್ತಕಗಳ ಮುಖಪುಟದಲ್ಲಿ ಹಾರ್ಟ್, ಕಮಿಂಗ್ ಎಂಬ ಹೆಸರುಗಳ ಹಿಂದೆ ಬರುವುದು 'ದೇಶೀ ನಕಾಶೆಗಾರರು' ಎಂಬ ಬಹುವಚನವೊಂದೇ. ಎಷ್ಟು ಜನ, ಯಾವ ಊರಿನವರು, ಯಾವ ಹಾಳೆ ಯಾರ ಕೈಯದು ಎಂಬುದು ಮುಖಪುಟದಲ್ಲಿಲ್ಲ. ಇದು ಬರಿಯ ಉಪಚಾರದ ಕೊರತೆಯಲ್ಲ, ಚಿತ್ರದ ಬೆಲೆಗೇ ತಾಗುವ ವಿಷಯ. ಎರಡು ಹಾಳೆಗಳಲ್ಲಿ ಒಂದೇ ಕಮಾನಿನ ತಿರುವು ಬೇರೆ ಬೇರೆಯಾಗಿ ಕಂಡರೆ ಯಾರ ಹಾಳೆಯನ್ನು ನಂಬಬೇಕು? ಬರೆದವರು ಯಾರೆಂದು ಗೊತ್ತಿದ್ದರೆ ಅವರ ಉಳಿದ ಹಾಳೆಗಳ ಜೊತೆ ಇಟ್ಟು ತೂಗಿ ನೋಡಬಹುದು. ಬಹುವಚನವನ್ನು ತೂಗಲಾಗದು.

ಗೋಳಗುಮ್ಮಟವನ್ನು ಬರೆಯುವುದು

ಅಳತೆಯ ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ಮಹಮ್ಮದ್ ಆದಿಲಶಾಹನ ಗೋರಿಯಾದ ಗೋಳಗುಮ್ಮಟಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದು ಕಷ್ಟ. ನೆಲನಕ್ಷೆ ಬರೆದರೆ ಸಿಗುವುದು ಒಂದು ಚೌಕ: ಒಳಗೆ ಪ್ರತಿ ಬದಿ 135 ಅಡಿ, ಮೂಲೆಗೊಂದು ಎಂಟುಮೂಲೆಯ ಗೋಪುರ. ಇಷ್ಟನ್ನೇ ನೋಡಿದವನಿಗೆ ಇದೊಂದು ದೊಡ್ಡ ಕೋಣೆ. ಎದುರುನೋಟ ಬರೆದರೆ ಚೌಕದ ಮೇಲೊಂದು ಅರ್ಧಗೋಳ. ಚೌಕ ಗೋಳವಾದದ್ದು ಹೇಗೆ ಎಂಬುದು ಎರಡರಲ್ಲೂ ಇಲ್ಲ.

ಕಟ್ಟಡವನ್ನು ನಡುವೆ ಸೀಳಿದಂತೆ ಬರೆದಾಗ ಗುಟ್ಟು ಹೊರಬೀಳುತ್ತದೆ. ಫರ್ಗುಸನ್ ಕೊಡುವ ಅಳತೆಗಳ ಪ್ರಕಾರ, ನೆಲದಿಂದ 57 ಅಡಿ ಎತ್ತರದಲ್ಲಿ ಗೋಡೆಗಳು ಒಳಕ್ಕೆ ಬಾಗತೊಡಗುತ್ತವೆ. ಒಂದನ್ನೊಂದು ಹಾಯುವ ಕಮಾನುಗಳ ನಡುವಿನ ಭಾಗ ಮುಂದೆ ಮುಂದೆ ಚಾಚಿ, 135 ಅಡಿಯ ಚೌಕ ಕೊನೆಗೆ 97 ಅಡಿ ಅಡ್ಡಗಲದ ದುಂಡು ಬಾಯಿಯಾಗುತ್ತದೆ. ಗುಮ್ಮಟ ಕೂತಿರುವುದು ಆ ಬಾಯಿಯ ಅಂಚಿನ ಮೇಲಲ್ಲ. ಅದರಿಂದ ಹಿಂದೆ ಸರಿದು, 124 ಅಡಿ ಒಳ ಅಡ್ಡಗಲದಲ್ಲಿ ಅದು ಮೇಲೇಳುತ್ತದೆ. ಬಾಯಿಯ ಅಂಚಿಗೂ ಗುಮ್ಮಟದ ಬುಡಕ್ಕೂ ನಡುವೆ ಉಳಿದ ಹನ್ನೆರಡು ಅಡಿಗೂ ಮಿಕ್ಕಿದ ಅಗಲದ ಹಾಸೇ ಪ್ರವಾಸಿಗರು ಚಪ್ಪಾಳೆ ತಟ್ಟಿ ಮಾರ್ದನಿ ಕೇಳುವ ಪಿಸುಗುಟ್ಟುವ ಗ್ಯಾಲರಿ. ಒಳಗಿನ ಎತ್ತರ 175 ಅಡಿ, ಹೊರಗೆ 198, ಗುಮ್ಮಟದ ದಪ್ಪ ಸುಮಾರು 10 ಅಡಿ. ಒಳಕ್ಕೆ ಚಾಚಿದ ಕಲ್ಲಿನ ಭಾರ ಗುಮ್ಮಟದ ಹೊರದಬ್ಬುವಿಕೆಗೆ ಎದುರು ತೂಕವಾಗುತ್ತದೆ ಎಂಬುದು ಫರ್ಗುಸನ್ನನ ವಾದ. ವಾದ ಸರಿಯೋ ತಪ್ಪೋ, ಸೀಳುನೋಟವಿಲ್ಲದೆ ಆ ವಾದವನ್ನು ಮಂಡಿಸಲೂ ಆಗುತ್ತಿರಲಿಲ್ಲ, ಅಲ್ಲಗಳೆಯಲೂ ಆಗುತ್ತಿರಲಿಲ್ಲ. ರೋಮಿನ ಪ್ಯಾಂಥಿಯನ್ನಿನ 15,833 ಚದರ ಅಡಿಯ ಎದುರು ಇದರ 18,225 ಚದರ ಅಡಿಯನ್ನು ನಿಲ್ಲಿಸಿ ಅವನು ಮಾಡಿದ ಹೋಲಿಕೆ ಇಂದಿಗೂ ಪಠ್ಯಪುಸ್ತಕಗಳಲ್ಲಿ ಓಡಾಡುತ್ತಿದೆ.

ಸೀಳುನೋಟಕ್ಕೂ ಒಂದು ಮಿತಿಯಿದೆ. ಅದು ಒಂದು ಸಮತಲವನ್ನು ಮಾತ್ರ ಕತ್ತರಿಸುತ್ತದೆ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟಂತೆ ಎಂಟು ಕಮಾನುಗಳು ಹಾಯುವ ಬಗೆ ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಅದಕ್ಕಾಗಿ ನೆಲದ ಮೇಲೆ ಅಂಗಾತ ಮಲಗಿ ನೋಡಿದವನಿಗೆ ಕಾಣುವಂಥ ಮೂರನೆಯ ಚಿತ್ರ ಬೇಕು. ಅಂಥ ಮೇಲ್ನೋಟದ ನಕ್ಷೆಯನ್ನೂ ಫರ್ಗುಸನ್ 1876ರ ತನ್ನ ಭಾರತೀಯ ವಾಸ್ತುಚರಿತ್ರೆಯಲ್ಲಿ ಕೊಟ್ಟಿದ್ದಾನೆ. ನೆಲನಕ್ಷೆ, ಸೀಳುನೋಟ, ಮೇಲ್ನೋಟ ಮೂರನ್ನೂ ಒಟ್ಟಿಗೆ ಓದಿದವನಿಗೆ ಮಾತ್ರ ಗೋಳಗುಮ್ಮಟ ಪೂರ್ತಿ ದಕ್ಕುತ್ತದೆ. ಪೋಸ್ಟ್‌ಕಾರ್ಡಿನಲ್ಲಿರುವುದು ಅದರ ಮುಖ ಮಾತ್ರ.

ಇಬ್ರಾಹಿಂ ರೋಜಾದಲ್ಲಿ ಇದೇ ಮಾತು ಇನ್ನೊಂದು ಬಗೆಯಲ್ಲಿ ನಿಜ. ಗೋರಿಯ ಕೋಣೆ ಪ್ರತಿ ಬದಿಗೆ ಸುಮಾರು 40 ಅಡಿ. ಅದರ ಕಲ್ಲಿನ ಚಾವಣಿ ಅಂಚುಗಳಲ್ಲಿ ಬಾಗಿ ಮೇಲೇರಿ, ನಡುವೆ 24 ಅಡಿ ಚೌಕದಷ್ಟು ಅಗಲಕ್ಕೆ ಮಟ್ಟಸವಾಗಿ ನಿಂತಿದೆ. ಕೆಳಗೆ ಆಧಾರದ ತೊಲೆಯಿಲ್ಲ. ಕೆಳಗಿನಿಂದ ನೋಡಿದರೆ ಇದು ಪವಾಡ. ಪುರಾತತ್ತ್ವ ಸರ್ವೇಕ್ಷಣೆಯ ಹೆನ್ರಿ ಕಸಿನ್ಸ್ ಅದನ್ನು ಸೀಳಿ ನೋಡಿ, ಕಲ್ಲುಗಳನ್ನು ಹಿಡಿದಿರುವುದು ಅತಿ ಗಟ್ಟಿಯಾದ ಗಾರೆ ಎಂದು ವಿವರಿಸಿದ. ಇದೇ ಗೋರಿಯ ಕಲ್ಲಿನ ಜಾಲಂಧ್ರಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಕೊರೆದು ಬೆಳಕು ಬರುವಂತೆ ಮಾಡಿದ್ದಾರೆ. ಲಿಪಿ ಬಾರದ ನಕಾಶೆಗಾರ ಅದನ್ನು ಬಳ್ಳಿಯೆಂದು ತಿಳಿದು ಬರೆದರೆ ಬಳ್ಳಿಯೇ ಆಗುತ್ತದೆ, ಓದಲು ಬಾರದ ಬಳ್ಳಿ. ಶಾಸನಗಳ ವಿಷಯದಲ್ಲಿ ಕಣ್ಣಳತೆಯ ನಕಲನ್ನು ಬಿಟ್ಟು ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವ ಪದ್ಧತಿ ನೆಲೆಯಾದದ್ದು ಈ ಕಷ್ಟದಿಂದಲೇ.

ಪಟ್ಟಿಯಲ್ಲಿ ಉಳಿದ ತಾಲ್ಲೂಕುಗಳು

ಆಗಿನ ಕಲಾದಗಿ ಜಿಲ್ಲೆಯಲ್ಲಿ ಸರ್ಕಾರಿ ಪುರಾತತ್ತ್ವ ಸರ್ವೇಕ್ಷಣೆ ಶುರುವಾದದ್ದು 1874ರಲ್ಲಿ, ಜೇಮ್ಸ್ ಬರ್ಜೆಸ್‌ನ ಮೊದಲ ವರದಿಯೊಂದಿಗೆ. ಆ ವರದಿಯ ಗಮನ ಹೆಚ್ಚಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮೇಲೆ. ಮುಂಬಯಿ ಪ್ರಾಂತದ ಪುರಾತನ ಅವಶೇಷಗಳ ಪಟ್ಟಿಯನ್ನು ಬರ್ಜೆಸ್ 1885ರಲ್ಲಿ ಪ್ರಕಟಿಸಿದ. ಕಸಿನ್ಸ್ ಅದನ್ನು ತಿದ್ದಿ ಬೆಳೆಸಿ 1897ರಲ್ಲಿ ಮತ್ತೆ ತಂದ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳ ಊರುಗಳು ಅಲ್ಲಿ ತಾಲ್ಲೂಕುವಾರು ಬರುತ್ತವೆ: ಇಂಥ ಊರು, ಇಂಥ ದೇವರ ಗುಡಿ, ಕಲ್ಲಿನ ಮೇಲೆ ಬರಹ. ಪಟ್ಟಿ ಮಾಡಿದವರ ಶ್ರಮ ಸಣ್ಣದಲ್ಲ. ಆದರೆ ಚಿತ್ರವಿಲ್ಲದ ಗುಡಿ ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟು, ಟೈಲ್ಸು, ಆಯಿಲ್ ಪೇಂಟುಗಳಿಗೆ ಸಿಕ್ಕಿದ ಮೇಲೆ ಮೊದಲು ಹೇಗಿತ್ತೆಂದು ಹೇಳಲು ಆ ಒಂದೂವರೆ ಸಾಲು ಸಾಲದು.

ಕಸಿನ್ಸ್‌ನ ದೊಡ್ಡ ಕೆಲಸ 1916ರ ವಿಜಯಪುರದ ಸಂಪುಟ; ಪಕ್ಕಕ್ಕೇ ನಿಲ್ಲುವಂಥದ್ದು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ 1926ರಲ್ಲಿ ಬಂದ ಪುಸ್ತಕ. ನಗರದಿಂದ ಪೂರ್ವಕ್ಕಿರುವ ಕುಮಟಗಿಯ ಜಲಮಹಲನ್ನು ಅವನು ದಾಖಲಿಸಿದ ರೀತಿ ಗಮನಿಸಬೇಕಾದದ್ದು. ಕೆರೆಯ ನೀರನ್ನು ಗೋಪುರಕ್ಕೇರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಸಿ, ಚಾವಣಿಯ ರಂಧ್ರಗಳಿಂದ ತುಂತುರಾಗಿ ಬೀಳಿಸುವ ಏರ್ಪಾಡು ಅಲ್ಲಿತ್ತು. ಗೋಡೆಗಳ ಮೇಲೆ ಪೋಲೋ ಆಟಗಾರರು, ಪೈಲ್ವಾನರು, ಪರದೇಶಿಗಳ ಬಣ್ಣದ ಚಿತ್ರಗಳು. ಅವನು ನೋಡುವ ಹೊತ್ತಿಗಾಗಲೇ ಬಣ್ಣ ಉದುರಿತ್ತು, ಜನ ಗೀಚಿದ್ದರು. ಉದುರಿದ ಕಡೆ ಬರೆದು ತುಂಬುವ ಆಸೆ ನಕಲುಗಾರನಿಗೆ ಸಹಜ. ಖಾಲಿ ಬಿಟ್ಟ ಜಾಗವೇ ಉಳಿದ ಭಾಗದ ಮೇಲಿನ ನಂಬಿಕೆಯನ್ನು ಕಾಯುತ್ತದೆ.

ನೆಲದಡಿಯ ನೀರಿನ ಏರ್ಪಾಡನ್ನು ಆಮೇಲೆ ಕೂಲಂಕಷವಾಗಿ ನೋಡಿದವರು ಕ್ಲಾಸ್ ರೋಟ್ಸರ್. ವಿಜಯಪುರದ ನೀರು ಪೂರೈಕೆಯ ಮೇಲೆ ಅವರು 1984ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಅಧ್ಯಯನ ಕಟ್ಟಡ ಬಿಟ್ಟು ಕಾಲುವೆ, ಕೊಳವೆ, ನೀರಿನ ಗೋಪುರಗಳ ಜಾಡು ಹಿಡಿಯುತ್ತದೆ.

ಊಹೆಯ ಚಿತ್ರಗಳು

ಸಾಲೋಟಗಿಗೆ ಮತ್ತೆ ಬರಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನ ಅಲ್ಲಿಯದು. ರಾಜನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ್ದನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಜಮೀನು, ವಾಸದ ಮನೆ, ಹೂದೋಟ, ದೀಪದೆಣ್ಣೆಯ ದತ್ತಿ ಬಿಟ್ಟದ್ದನ್ನೂ ಅದು ಹೇಳುತ್ತದೆ. ಹತ್ತನೆಯ ಶತಮಾನದ ವಿದ್ಯಾಕೇಂದ್ರವೊಂದರ ಚಿತ್ರ ಪಠ್ಯಪುಸ್ತಕಕ್ಕೆ ಬೇಕೆಂದು ಕಲಾವಿದನನ್ನು ಕೇಳಿದರೆ ಅವನೇನು ಮಾಡಬೇಕು? ಕಟ್ಟಡದ ಅಳತೆ ಶಾಸನದಲ್ಲಿಲ್ಲ. ಆ ಕಾಲದ ಗುಡಿಗಳ ಮಂಟಪಗಳಿವೆ, ಕಂಬಗಳ ಬಗೆ ಗೊತ್ತಿದೆ. ಅವುಗಳಿಂದ ಒಂದು ಸಾಧಾರಣ ಶಾಲೆಯನ್ನು ಕಟ್ಟಿಕೊಳ್ಳಬಹುದು. ವಾಸದ ಮನೆಗಳ ವಿಷಯಕ್ಕೆ ಬಂದರೆ ಆ ಆಧಾರವೂ ಜಾರುತ್ತದೆ, ಏಕೆಂದರೆ ಆ ಕಾಲದ ಮನೆಗಳು ನಮಗೆ ನಿಂತಿಲ್ಲ. ಬಸವನಬಾಗೇವಾಡಿಯಲ್ಲಿ ಹನ್ನೆರಡನೆಯ ಶತಮಾನದ ಬಸವಣ್ಣನವರ ಹುಟ್ಟಿದ ಮನೆಯನ್ನು ಬರೆಯಹೊರಟವರಿಗೂ ಇದೇ ತೊಡಕು. ಕ್ಯಾಲೆಂಡರಿನ ಚಿತ್ರಕಾರರು ಅಲ್ಲೊಂದು ನಯವಾದ ಕಮಾನು, ಕೆತ್ತಿದ ಬಾಗಿಲು ಇಟ್ಟುಬಿಡುತ್ತಾರೆ. ಭಕ್ತಿಯ ಚಿತ್ರವಾಗಿ ಅದಕ್ಕೆ ತಕರಾರಿಲ್ಲ. ಅದೇ ಚಿತ್ರ ಚರಿತ್ರೆಯ ಪುಸ್ತಕದೊಳಗೆ ಕೂತಾಗ ತಕರಾರು ಏಳಬೇಕು.

ಊಹೆಯನ್ನು ಊಹೆಯಾಗಿಯೇ ತೋರಿಸುವ ರೂಢಿಗಳು ಹಳೆಯವು, ಸರಳವಾದವು. ಇರುವುದಕ್ಕೆ ದಟ್ಟ ಗೆರೆ, ಕುರುಹು ಸಿಕ್ಕಿದ್ದಕ್ಕೆ ತೆಳು ಗೆರೆ, ಬರಿಯ ಊಹೆಗೆ ಚುಕ್ಕಿ ಗೆರೆ. ಎರಡನೆಯ ಅಲಿ ಆದಿಲಶಾಹ 1672ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ನಿಂತ ಬಾರಾ ಕಮಾನಿನ ಮೇಲೆ ಗುಮ್ಮಟವೊಂದನ್ನು ಕೂಡಿಸಿ ತೋರಿಸಲು ಕಂಪ್ಯೂಟರಿನಲ್ಲಿ ಈಗ ಅರ್ಧ ದಿನ ಸಾಕು. ಗುಮ್ಮಟವನ್ನು ಚುಕ್ಕಿ ಗೆರೆಯಲ್ಲಿ ಬರೆದರೆ ಅದು ವಿದ್ವಾಂಸನ ಪ್ರಶ್ನೆ. ಬಿಸಿಲು, ನೆರಳು, ಹಾರುವ ಪಾರಿವಾಳಗಳ ಸಮೇತ ಬರೆದರೆ ಸಿನಿಮಾದ ಸೆಟ್ಟು.

ವಿಶ್ಲೇಷಣೆಯ ಚಿತ್ರ ಇದರಿಂದ ಬೇರೆ ಜಾತಿ. ಆಡಮ್ ಹಾರ್ಡಿ 1995ರ ತಮ್ಮ ಪುಸ್ತಕದಲ್ಲಿ ಕರ್ಣಾಟ ದ್ರಾವಿಡ ಗುಡಿಗಳ ಶಿಖರಗಳನ್ನು ಚಿಕ್ಕ ಚಿಕ್ಕ ಗುಡಿರೂಪಗಳಾಗಿ ಬಿಡಿಸಿ ಬರೆದರು. ಒಂದು ರೂಪ ಇನ್ನೊಂದರಿಂದ ಹೊರಚಿಮ್ಮುವಂತೆ ತೋರಿಸುವ ಆ ಚಿತ್ರಗಳನ್ನು ಯಾವ ಕ್ಯಾಮೆರಾವೂ ತೆಗೆಯಲಾರದು, ಆದರೂ ಅವು ಓದುಗನಿಗೆ ಮೋಸ ಮಾಡುವುದಿಲ್ಲ. ಇದು ನೋಟವಲ್ಲ, ವಾದ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಹಂಪಿಯಲ್ಲಿ 1980ರಿಂದ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ ನಡೆಸಿದ ಕೆಲಸದಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಗಳು ವರ್ಷ ವರ್ಷವೂ ಬಂದು ಮಂಟಪ, ಕಟ್ಟೆ, ಗೋಡೆಗಳನ್ನು ಅಳೆದರು. ಸಣ್ಣ ಪುಟ್ಟ ಕಟ್ಟಡಕ್ಕೂ ಒಂದು ನೆಲನಕ್ಷೆ ಸಿಕ್ಕಿತು. ಭೀಮೆ, ಡೋಣಿ, ಕೃಷ್ಣೆಯ ದಡದ ಊರುಗಳಿಗೆ ಬೇಕಾಗಿರುವುದು ಅಂಥ ನಿಧಾನದ ಕೆಲಸ.

ಅಳೆಯುವ ಬಗೆ

ಈ ಸೀಮೆಯ ಹಳೆಯ ಮಾಳಿಗೆ ಮನೆಯೊಂದನ್ನು ಬರೆಯುವುದೆಂದರೆ ಮೊದಲು ನೆಲದ ಮೇಲೆ ಟೇಪು ಹಿಡಿಯುವುದು. ನಾಲ್ಕೂ ಬದಿ ಅಳೆದರಷ್ಟೇ ಸಾಲದು. ಮೂಲೆಯಿಂದ ಮೂಲೆಗೆ ಕರ್ಣಗಳನ್ನೂ ಅಳೆಯಬೇಕು. ಎರಡು ಕರ್ಣಗಳು ಸಮನಾಗಿ ಬರದಿದ್ದರೆ ಕೋಣೆ ಸೊಟ್ಟ ಎಂದರ್ಥ. ಮಣ್ಣು, ಕಲ್ಲುಗಳ ದಪ್ಪ ಗೋಡೆಯ ಮನೆಯಲ್ಲಿ ಕೋಣೆ ಸೊಟ್ಟ ಇರುವುದೇ ಹೆಚ್ಚು. ಕಾಗದದ ಮೇಲೆ ಅದನ್ನು ಲಂಬಕೋನಕ್ಕೆ ನೇರ ಮಾಡಿಬಿಡುವುದು ನಕಾಶೆಗಾರರ ಸಾಮಾನ್ಯ ಚಾಳಿ. ಇನ್ನೊಂದು ಚಾಳಿ, ಒಂದು ಭಾಗ ಅಳೆದು ಉಳಿದ ಮೂರನ್ನು ಅದರ ಪ್ರತಿಬಿಂಬವಾಗಿ ಬರೆಯುವುದು. ಗುಡಿಯಿರಲಿ, ಗೋರಿಯಿರಲಿ, ಕಟ್ಟಿದವನ ಕೈ ಎಲ್ಲಿ ತಪ್ಪಿತು, ಎಲ್ಲಿ ಮನಸ್ಸು ಬದಲಿಸಿದ ಎಂಬ ಸುಳಿವು ಸಿಗುವುದು ನಾಲ್ಕು ಭಾಗಗಳ ನಡುವಿನ ಆ ಸಣ್ಣ ವ್ಯತ್ಯಾಸದಲ್ಲೇ.

ಆಮೇಲೆ ಸೀಳುನೋಟ. ಕಲ್ಲಿನ ಮೇಲೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹತ್ತಿರ ಹತ್ತಿರ ಜೋಡಿಸಿದ ಸಣ್ಣ ಕಟ್ಟಿಗೆ, ಅದರ ಮೇಲೆ ಬಡಿದು ಕೂಡಿಸಿದ ಮಣ್ಣು. ಮಣ್ಣಿನ ದಪ್ಪ ತಿಳಿಯಲು ಬೆಳಕಿಂಡಿಯ ಅಂಚಿನಲ್ಲಿ ಕೋಲು ಇಟ್ಟು ನೋಡಬಹುದು. ಬೇಸಿಗೆಯ ಕಾವನ್ನು ತಡೆಯುವುದು ಆ ದಪ್ಪವೇ. ಎದುರುನೋಟದ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ದನ ಕಟ್ಟುವ ಜಾಗ ತಗ್ಗಿನಲ್ಲಿ, ಪಡಸಾಲೆ ಎತ್ತರದಲ್ಲಿ ಇರುವುದೂ ಸೀಳುನೋಟದಲ್ಲೇ ತಿಳಿಯುತ್ತದೆ.

ಹಾಳೆಯ ಮೂಲೆಯಲ್ಲಿ ಉತ್ತರ ದಿಕ್ಕು, ಅಳೆದ ತಾರೀಕು, ಅಳೆದವರ ಹೆಸರು, ಮಾಪಕ. 'ಒಂದು ಇಂಚಿಗೆ ಎಂಟು ಅಡಿ' ಎಂದು ಅಕ್ಷರದಲ್ಲಿ ಬರೆದ ಮಾಪಕ ಹಾಳೆ ಪುಸ್ತಕದ ಗಾತ್ರಕ್ಕೆ ಕುಗ್ಗಿದೊಡನೆ ಸುಳ್ಳಾಗುತ್ತದೆ. ಗೆರೆಯಾಗಿ ಬರೆದ ಮಾಪಕಪಟ್ಟಿ ಚಿತ್ರದ ಜೊತೆ ತಾನೂ ಕುಗ್ಗುವುದರಿಂದ ನಿಜವಾಗಿಯೇ ಉಳಿಯುತ್ತದೆ.

ಲೇಸರ್ ಸ್ಕ್ಯಾನರ್ ಬಂದಮೇಲೆ ಟೇಪು ಹಿಡಿಯುವ ಕೆಲಸ ಕಡಿಮೆಯಾಗಿದೆ. ಅದು ಕೋಟಿಗಟ್ಟಲೆ ಬಿಂದುಗಳನ್ನು ಹಿಡಿಯುತ್ತದೆ, ಸೊಟ್ಟ ಗೋಡೆಯನ್ನು ಸೊಟ್ಟಗೇ ತೋರಿಸುತ್ತದೆ. ಆದರೆ ಕಂಬದ ಹಿಂದೆ, ಛಜ್ಜದ ಮೇಲೆ ಅದರ ಕಿರಣ ಮುಟ್ಟದ ಜಾಗ ತೂತಾಗಿ ಉಳಿಯುತ್ತದೆ. ಆ ತೂತುಗಳನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ನಯವಾಗಿ ತುಂಬಿಕೊಡುತ್ತದೆ. ಕುಮಟಗಿಯ ನಕಲುಗಾರನ ಎದುರಿಗಿದ್ದ ಆಸೆಯೇ ಇದು, ಈಗ ಒಂದು ಬಟನ್ನಿನ ರೂಪದಲ್ಲಿದೆ.

ಮಾರಾಟದ ಚಿತ್ರ

ಇಂದು ಈ ತಾಲ್ಲೂಕು ಕೇಂದ್ರಗಳಲ್ಲಿ ಜನ ಹೆಚ್ಚಾಗಿ ನೋಡುವ ವಾಸ್ತುಚಿತ್ರವೆಂದರೆ ಹೊಸ ಮನೆಯ ತ್ರೀಡಿ ಎಲಿವೇಶನ್. ಮೂವತ್ತು ನಲವತ್ತರ ಸೈಟು, ಮುಂದೆ ಇಪ್ಪತ್ತು ಅಡಿ ರಸ್ತೆ. ಚಿತ್ರದಲ್ಲಿ ಮನೆ ಪೂರ್ತಿ ಕಾಣುತ್ತದೆ, ಪಕ್ಕದಲ್ಲಿ ಹುಲ್ಲುಹಾಸು, ಒಂದು ಕಾರು. ಅಷ್ಟು ಕಾಣಬೇಕಾದರೆ ನೋಡುವವನು ಎದುರು ಮನೆಯ ಪಡಸಾಲೆಯೊಳಗೆ ನಿಂತಿರಬೇಕು, ಆ ಮನೆಯ ಗೋಡೆಯೂ ಇರಬಾರದು.

ಬೆಳಕಿನದು ಇನ್ನೂ ಸೂಕ್ಷ್ಮ. ವಾಸ್ತುಚಿತ್ರದಲ್ಲಿ ಎಡಮೇಲಿನಿಂದ 45 ಡಿಗ್ರಿಯಲ್ಲಿ ಬೆಳಕು ಬೀಳುವಂತೆ ನೆರಳು ಹಾಕುವುದು ಹಳೆಯ ರೂಢಿ. ಚಾಚಿದ ಭಾಗ ಎಷ್ಟು ಚಾಚಿದೆ ಎಂದು ಆ ನೆರಳಿನಿಂದ ಅಳೆದುಕೊಳ್ಳಬಹುದು. ಉತ್ತರದ ಗೋಡೆಗೂ ಹಾಗೆಯೇ ಹಾಕುತ್ತಾರೆ. ಬರೆಯುವವನಿಗೂ ಓದುವವನಿಗೂ ಗೊತ್ತಿರುವ ರೂಢಿಯಾದ್ದರಿಂದ ಅದು ಸುಳ್ಳಲ್ಲ. ತ್ರೀಡಿ ಚಿತ್ರ ಮಾತ್ರ ರೂಢಿಯೆಂದು ಹೇಳಿಕೊಳ್ಳುವುದಿಲ್ಲ, ಫೋಟೋ ಎಂಬ ವೇಷದಲ್ಲಿ ಬರುತ್ತದೆ. ವಿಜಯಪುರದ ಅಕ್ಷಾಂಶದಲ್ಲಿ ನಡುಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಗೆ ಬೀಳುವುದು ಸುಮಾರು ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ. ಉತ್ತರ ದಿಕ್ಕಿನ ಬಾಗಿಲಿನ ಮನೆಯನ್ನು ವರ್ಷವಿಡೀ ಹೊಳೆಯುವಂತೆ ತೋರಿಸಿದರೆ ಮಾಲೀಕ ನಂಬುತ್ತಾನೆ. ಅನುಮತಿಗೆ ಕೊಡುವ ನಕಾಶೆಯ ಕಥೆ ಇದಕ್ಕೆ ತಿರುವುಮುರುವು: ಸುತ್ತ ಬಿಡಬೇಕಾದ ಜಾಗವೆಲ್ಲ ಅದರಲ್ಲಿ ಇರುತ್ತದೆ, ಕಟ್ಟಿದ ಮನೆಯಲ್ಲಿ ಇರುವುದಿಲ್ಲ.

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಈ ವಿಷಯವನ್ನು ಕಾನೂನಿನೊಳಗೆ ತಂದಿತು. ಜಾಹೀರಾತು, ವಿವರಪತ್ರ ಅಥವಾ ಮಾದರಿ ಮನೆಯಲ್ಲಿ ತೋರಿಸಿದ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟವಾದವನಿಗೆ ಪ್ರವರ್ತಕ ಪರಿಹಾರ ಕೊಡಬೇಕೆಂದು ಅದರ 12ನೆಯ ಕಲಮು ಹೇಳುತ್ತದೆ. ಮಂಜೂರಾದ ನಕಾಶೆಯಂತೆಯೇ ಕಟ್ಟಬೇಕೆಂಬುದು 14ನೆಯದು. ಜಮೀನು 500 ಚದರ ಮೀಟರಿಗಿಂತ ಹೆಚ್ಚಿರದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳಿಗೆ ನೋಂದಣಿಯ ಕಡ್ಡಾಯವಿಲ್ಲ. ಸ್ವಂತ ಸೈಟಿನಲ್ಲಿ ತನಗಾಗಿ ಮನೆ ಕಟ್ಟಿಸಿಕೊಳ್ಳುವವನ ಕೆಲಸ ಈ ಕಾಯ್ದೆಯ ಹೊರಗೇ ಉಳಿಯುತ್ತದೆ. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಹಾಗೆ ಕಟ್ಟಿಸುವವನ ಕೈಯಲ್ಲಿರುವ ಆಧಾರವೆಂದರೆ ಗೌಂಡಿಯ ಜೊತೆ ಮಾಡಿಕೊಂಡ ಕರಾರು ಮತ್ತು ಅಡಿ ಇಂಚು ಬರೆದ ನೆಲನಕ್ಷೆ, ಸೀಳುನೋಟಗಳ ಹಾಳೆ. ಫ್ಲೆಕ್ಸಿನ ಮೇಲಿನ ತ್ರೀಡಿ ಚಿತ್ರದಲ್ಲಿ ಅಳತೆ ಬರೆದಿರುವುದಿಲ್ಲ.